ಎರಡನೇ ಬಿಲ್ಲು

ನಮ್ಮ ಕಡೆಯ ಆಸ್ಪತ್ರೆಗಳಿಗೆ ಗುಂಡೇಟು ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಹೊಸದಾಗಿ ನರ್ಸಿಂಗ್ ಸೇರುತ್ತಿರುವ ಹುಡುಗಿಯರು ಮೊದಲು ಇದನ್ನು ತಿಳಿದಿರಬೇಕು. ಅದು ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದದ್ದಾಗಿ ಬರುತ್ತದೆ, ಬೇಲಿಯ ತಂತಿ ತರಚಿದ್ದಾಗಿ ಬರುತ್ತದೆ, ಹಂದಿ ತಿವಿದದ್ದಾಗಿ ಬರುತ್ತದೆ. ಕೋವಿಗೆ ಲೈಸೆನ್ಸ್ ಸಿಗುವುದು ಫಸಲು ಕಾಯಲು, ಭಾನುವಾರದ ಶಿಕಾರಿಗಲ್ಲ. ಶಿಕಾರಿಯೇ ಕಾನೂನಿಗೆ ವಿರುದ್ಧ. ಹಾಗಾಗಿ ಶಿಕಾರಿಯಲ್ಲಿ ಗಾಯವಾದವನು ಮೊದಲು ಒಂದು ಸುಳ್ಳು ಹೊಂದಿಸಿಕೊಂಡು ಆಮೇಲೆ ಜೀಪು ಹತ್ತುತ್ತಾನೆ.

ಆಲ್ದೂರಿನಿಂದ ಆಚೆ, ತೋಟದವರೇ ಸೇರಿ ನಡೆಸುತ್ತಿದ್ದ ಹದಿನಾಲ್ಕು ಬೆಡ್ಡಿನ ಸಣ್ಣ ಆಸ್ಪತ್ರೆಯಲ್ಲಿ ನಾನು ಮೂವತ್ತನಾಲ್ಕು ವರ್ಷ ಕೆಲಸ ಮಾಡಿದೆ. ಒಬ್ಬರು ಡಾಕ್ಟರು, ಇಬ್ಬರು ನರ್ಸು, ಆಯಾ ಸೀತಮ್ಮ. ನನ್ನ ಪ್ರಮೋಷನ್ ಕಥೆ ಯಾರಿಗೂ ಬೇಡ. ಇದ್ದದ್ದೇ ಒಂದು ಪ್ರಮೋಷನ್, ಅದರಿಂದ ಬದಲಾದದ್ದು ಸೊಂಟದ ಬೆಲ್ಟಿನ ಬಣ್ಣ ಮಾತ್ರ. ನನ್ನ ಅಪ್ಪ ಅಲ್ಲೇ ಒಂದು ದೊಡ್ಡ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದರು. ಮಗಳು ಲೇಡಿ ಆಗಬೇಕೆಂಬ ಆಸೆಯಿಂದ ಆರನೇ ವಯಸ್ಸಿಗೇ ನನ್ನನ್ನು ಚಿಕ್ಕಮಗಳೂರಿನ ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದರು. ಅಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಪಿಯಾನೋ ಕಲಿತೆ, ನ್ಯಾಪ್ಕಿನ್ ಮಡಚಲು ಕಲಿತೆ, ಚಂದದ ಕರ್ಸಿವ್ ಕಲಿತೆ. ನಾನು ಹುಟ್ಟಿದ ಊರಿನ ಗಂಡಸರು ಕಾಡಿನಲ್ಲಿ ಯಾವ ಮಾತಾಡುತ್ತಾರೆ ಎಂಬುದನ್ನು ಮಾತ್ರ ಯಾರೂ ಕಲಿಸಲಿಲ್ಲ.

ನಾನು ನೋಡಿದ ಮೊದಲ ಗುಂಡೇಟಿನ ಕೇಸ್ ನಗು ಬರಿಸುವಂಥದ್ದು. ಮೇಸ್ತ್ರಿಯೊಬ್ಬನನ್ನು ಕವುಚಿ ಮಲಗಿಸಿಕೊಂಡು ಕರೆತಂದರು. ಚಡ್ಡಿಯ ಹಿಂಭಾಗವೆಲ್ಲ ರಕ್ತ.

"ಏನಾಯ್ತು ಮಾರಾಯ?" ಎಂದು ಡಾಕ್ಟರು ಕೇಳಿದರು.

"ಬೇಲಿ ದಾಟುವಾಗ ತಂತಿ ತಾಗಿದ್ದು ಡಾಕ್ಟ್ರೇ."

ಡಾಕ್ಟರು ಫೋರ್ಸೆಪ್ಸ್ ಹಾಕಿ ಒಂದು ಸೀಸದ ಕಾಳು ತೆಗೆದು ಟ್ರೇಗೆ ಹಾಕಿದರು. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು.

"ಈ ಬೇಲಿ ಕಾಳು ಬಿಡ್ತದಲ್ಲೋ. ಫಸಲಿಗೆ ಬಂದಿತ್ತಾ ಹೇಗೆ?"

ಮೇಸ್ತ್ರಿಯೂ ಕವುಚಿ ಮಲಗಿದಲ್ಲೇ ಕಿಸಕ್ಕೆಂದ. ನಾವೆಲ್ಲ ನಕ್ಕೆವು. ನಗು ಮುಗಿದ ಮೇಲೆ ಡಾಕ್ಟರು ಕೈ ತೊಳೆಯುತ್ತಾ, "ಅಬ್ರೇಷನ್ಸ್ ಅಂತ ಬರೆದುಬಿಡಿ ಸಿಸ್ಟರ್" ಎಂದರು. ಗುಂಡೇಟನ್ನು ತರಚು ಗಾಯವೆಂದು ನಾನು ಬರೆದೆ. ಅಷ್ಟು ಸಲೀಸು. ನಮ್ಮ ಡಾಕ್ಟರು ಕೆಟ್ಟವರಲ್ಲ. ಜ್ವರ ಬಂದ ಕೂಲಿಯವರ ಮನೆಗೆ ನಡೆದೇ ಹೋಗುತ್ತಿದ್ದ ಮನುಷ್ಯ. ಆದರೆ ಆಸ್ಪತ್ರೆಯ ಕಮಿಟಿಯಲ್ಲಿ ಕೂರುತ್ತಿದ್ದವರೂ, ಭಾನುವಾರ ಕೋವಿ ಹಿಡಿಯುತ್ತಿದ್ದವರೂ ಒಬ್ಬರೇ. ಒಳ್ಳೆಯ ಮನುಷ್ಯರು ಒಂದು ಪದವನ್ನು ಸ್ವಲ್ಪ ಮಾತ್ರ ಪಕ್ಕಕ್ಕೆ ಸರಿಸುವುದನ್ನು ನಾನು ಅವರಿಂದ ಕಲಿತೆ.

ಅದಾಗಿ ನಾಲ್ಕೈದು ವರ್ಷದ ಮೇಲೆ ಚಂದ್ರಯ್ಯನ ಕೇಸ್ ಬಂತು.

ಅದೂ ಭಾನುವಾರವೇ, ಮಧ್ಯಾಹ್ನ ಮೂರರ ಹೊತ್ತು. ಡಾಕ್ಟರು ಮೂಡಿಗೆರೆಗೆ ಮದುವೆಗೆ ಹೋಗಿದ್ದರು. ನನ್ನ ಅಪ್ಪ ಕೆಲಸ ಮಾಡುತ್ತಿದ್ದ ಎಸ್ಟೇಟಿನ ಜೀಪು ಗೇಟಿನೊಳಗೆ ನುಗ್ಗಿತು. ಹಿಂದೆ ಕಾಫಿ ಚೀಲಗಳ ಮೇಲೆ ಚಂದ್ರಯ್ಯ ಮಲಗಿದ್ದ. ಅದೇ ಎಸ್ಟೇಟಿನ ಆಳು, ಕೂಲಿಯವರ ಮನೆಸಾಲಾದ ಲೈನಿನಲ್ಲಿ ಇರುವವನು, ಮೂವತ್ತು ದಾಟಿರದ ಗಟ್ಟಿ ಮನುಷ್ಯ. ಹೊಟ್ಟೆಗೆ ಗುಂಡು ಬಿದ್ದಿತ್ತು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವನು ತಮ್ಮ ರುದ್ರ, ಎಸ್ಟೇಟಿನ ಕಾವಲುಗಾರ. "ನಾನೇ ಕೊಂದೆ, ನಾನೇ ಕೊಂದೆ" ಎಂದು ಒಂದೇ ಸಮ ಹೇಳುತ್ತಿದ್ದ. ಚಂದ್ರಯ್ಯ ಇನ್ನೂ ಬದುಕಿದ್ದ.

ರುದ್ರನನ್ನು ಹೊರಗೆ ಕೂರಿಸಿ, ಜೀಪನ್ನು ಡಾಕ್ಟರನ್ನು ಕರೆತರಲು ಕಳಿಸಿ, ಸೀತಮ್ಮನಿಗೆ ನೀರು ಕುದಿಸಲು ಹೇಳಿ, ನಾನೊಬ್ಬಳೇ ಡ್ರಿಪ್ ಹಾಕಿದೆ. ಮುಕ್ಕಾಲು ಗಂಟೆ ಅವನ ಪಕ್ಕದಲ್ಲಿ ನಾನೊಬ್ಬಳೇ. ಅವನು ನನ್ನ ಮಣಿಕಟ್ಟು ಹಿಡಿದುಕೊಂಡ.

"ನರ್ಸಮ್ಮ, ಎರಡನೇ ಬಿಲ್ಲು."

"ಈಗ ಮಾತಾಡ್ಬೇಡ ಚಂದ್ರಯ್ಯ."

"ರುದ್ರಂದು ಮೊದಲ್ನೇ ಬಿಲ್ಲು. ಇದು ಎರಡನೇ ಬಿಲ್ಲಿಂದು."

ಹಿಂದಿನ ತಿಂಗಳಷ್ಟೇ ರುದ್ರ ಕಾಮಾಲೆಯಾಗಿ ನಮ್ಮಲ್ಲೇ ಎಂಟು ದಿನ ಮಲಗಿದ್ದ. ನನಗೆ ಹೊಳೆದದ್ದು ಆ ಆಸ್ಪತ್ರೆ ಬಿಲ್ಲೊಂದೇ. ಪಾಪ, ಸಾಯುವ ಹೊತ್ತಿನಲ್ಲೂ ಬಡವನಿಗೆ ಇದೇ ಚಿಂತೆಯಲ್ಲ ಎಂದುಕೊಂಡೆ.

"ಬಿಲ್ಲಿನ ಚಿಂತೆ ಮಾಡ್ಬೇಡಪ್ಪ. ಅದನ್ನ ಎಸ್ಟೇಟಿನವ್ರು ನೋಡ್ಕೊಳ್ತಾರೆ."

ಅವನು ತಲೆಯಾಡಿಸಿದ. ಹೌದೆಂದಲ್ಲ, ಅಲ್ಲವೆಂದು. ನನ್ನನ್ನು ನೋಡಿದ ಆ ನೋಟವನ್ನು ಏನೆಂದು ಬರೆಯಲಿ? ಭಾಷೆ ಬಾರದ ಊರಿನಲ್ಲಿ ದಾರಿ ಕೇಳುವವನ ನೋಟ.

"ಅವ್ನಿಗೆ ಹೇಳಿ" ಎಂದ. "ಹೇಳಿ ಅವ್ನಿಗೆ."

ಕ್ಲರ್ಕಿಗೆ ಹೇಳಬೇಕೇನೋ ಎಂದುಕೊಂಡು "ಖಂಡಿತ ಹೇಳ್ತೀನಿ" ಎಂದೆ. ಡಾಕ್ಟರು ಬರುವುದಕ್ಕೆ ಮುಂಚೆಯೇ ಅವನು ಹೋಗಿಬಿಟ್ಟ. ಕೇಸ್‌ಶೀಟಿನಲ್ಲಿ ನನ್ನ ಕಾನ್ವೆಂಟ್ ಅಕ್ಷರದಲ್ಲಿ ಚಂದವಾಗಿ ಬರೆದೆ: ಪೇಷಂಟ್ ವರೀಡ್ ಅಬೌಟ್ ಹಾಸ್ಪಿಟಲ್ ಬಿಲ್. ರೀಅಶ್ಯೂರ್ಡ್.

ಪೊಲೀಸರ ಕಾಗದದಲ್ಲಿ ಶಿಕಾರಿ ಎಂಬುದೇ ನಡೆಯಲಿಲ್ಲ. ಕಾವಲುಗಾರ ರುದ್ರ ಎಸ್ಟೇಟಿನ ಲೈಸೆನ್ಸ್ ಕೋವಿ ಹಿಡಿದು ಫಸಲು ಕಾಯುತ್ತಿದ್ದಾಗ, ಲಂಟಾನಾ ಪೊದೆ ಅಲ್ಲಾಡಿದ್ದು ಕಂಡು ಹಂದಿಯೆಂದು ಹೊಡೆದ, ಅದು ಅಣ್ಣನಾಗಿದ್ದ. ಕೋವಿ ಒಂದು, ಸದ್ದು ಒಂದು, ತಪ್ಪೊಪ್ಪಿಗೆಯೂ ಸಿದ್ಧ. ರುದ್ರ ಬೇರೇನನ್ನೂ ಹೇಳಲೇ ಇಲ್ಲ. ಅವನಿಗೆ ಜಾಮೀನು ಕೊಡಿಸಿದವರು ಎಸ್ಟೇಟಿನ ಸಾಹುಕಾರರೇ. ತಿಥಿಗೆ ಅಕ್ಕಿ ಕಳಿಸಿದರು. ಆ ದುಃಖದಲ್ಲಿ ಇನ್ನು ಕೋವಿ ಮುಟ್ಟುವುದಿಲ್ಲ ಎಂದು ತಮ್ಮ ಜೋಡಿ ನಳಿಕೆಯ ಕೋವಿಯನ್ನು ಸರೆಂಡರ್ ಮಾಡಿದರು. ಊರೆಲ್ಲ ಅವರನ್ನು ಹೊಗಳಿತು. ನಾನೂ ಹೊಗಳಿದೆ.

ಎರಡು ತಿಂಗಳಾಗಿರಬೇಕು. ಡ್ರೆಸ್ಸಿಂಗ್ ರೂಮಿನಲ್ಲಿ ಬ್ಯಾಂಡೇಜ್ ಸುತ್ತುತ್ತಾ ಕೂತಿದ್ದಾಗ ಸೀತಮ್ಮ ತನ್ನ ಅಕ್ಕನ ಮಗನನ್ನು ಬೈಯುತ್ತಿದ್ದಳು.

"ಅವನಿಗೆ ಬುದ್ಧಿ ಇಲ್ಲ ನರ್ಸಮ್ಮ. ಇಷ್ಟಾದ್ರೂ ನಿನ್ನೆ ಮತ್ತೆ ಬಿಲ್ಲಿಗೆ ನಿಲ್ಲಕ್ಕೆ ಹೋಗಿದ್ದಾನೆ."

"ಯಾವ ಬಿಲ್? ಕರೆಂಟ್ ಬಿಲ್ಲಾ?"

ಸೀತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಮಾರಾಯ್ತಿ! ಕಾನ್ವೆಂಟಲ್ಲಿ ನಿಮಗೆ ಏನು ಕಲಿಸಿದ್ರೋ. ಬಿಲ್ಲು ಅಂದ್ರೆ ಶಿಕಾರಿಲಿ ಕೋವಿಯವ್ರು ನಿಲ್ಲೋ ಜಾಗ. ಆ ಕಡೆಯಿಂದ ಆಳುಗಳು ಕೂಗ್ತಾ ಹಂದಿ ಎಬ್ಬಿಸ್ಕೊಂಡು ಬರ್ತಾರೆ, ಈ ಕಡೆ ಬಿಲ್ಲಲ್ಲಿ ಇದ್ದೋರು ಹೊಡೀತಾರೆ. ಮೊದಲ್ನೇ ಬಿಲ್ಲು, ಎರಡನೇ ಬಿಲ್ಲು ಅಂತ ಇರ್ತದೆ."

ನನ್ನ ಕೈಯೊಳಗಿನ ಬ್ಯಾಂಡೇಜ್ ಹಾಗೇ ನಿಂತಿತು.

"ಚಂದ್ರಯ್ಯ ಸತ್ತ ದಿನ ಎರಡನೇ ಬಿಲ್ಲಲ್ಲಿ ಯಾರಿದ್ರು ಸೀತಮ್ಮ?"

ಅವಳ ನಗು ನಿಂತಿತು. ಎದ್ದು ಬಾಗಿಲು ಹಾಕಿದಳು. "ಇದ್ದದ್ದೇ ಎರಡು ಬಿಲ್ಲು. ಮೊದಲ್ನೇದ್ರಲ್ಲಿ ರುದ್ರ. ಎರಡನೇದ್ರಲ್ಲಿ ಸಾವ್ಕಾರ್ರು. ಹಂದಿ ಎದ್ದಾಗ ಇಬ್ರೂ ಒಟ್ಟಿಗೇ ಹೊಡೆದ್ರಂತೆ. ಹಂದಿನೂ ಬಿತ್ತು, ಹಿಂದೆ ಬರ್ತಿದ್ದ ಚಂದ್ರಯ್ಯನೂ ಬಿದ್ದ. ಲೈನಲ್ಲಿ ಎಲ್ಲಾರ್ಗೂ ಗೊತ್ತು ಎರಡು ಸದ್ದು ಆಗಿತ್ತು ಅಂತ."

"ಹಾಗಿದ್ರೆ ರುದ್ರನೇ ಹೊಡೆದದ್ದು ಅಂತ ಹೇಗೆ ಹೇಳಿದ್ರು?"

"ಕೋವಿ ಪಾಲು ಬಂಗ್ಲೆಗೆ ಹೋಯ್ತಲ್ಲಮ್ಮ."

ಇದನ್ನು ನಾನು ನಿಮಗೆ ಬಿಡಿಸಿ ಹೇಳಬೇಕು. ಹಂದಿ ಬಿದ್ದಾಗ ಮಾಂಸವನ್ನು ಪಾಲು ಹಾಕುವ ಕ್ರಮವಿದೆ. ಕೂಗಿ ಎಬ್ಬಿಸಿದವರಿಗೆ ಒಂದೊಂದು ಪಾಲು, ನಾಯಿಗೆ ಸಹ ಒಂದು ಪಾಲು, ಯಾರ ಗುಂಡಿಗೆ ಹಂದಿ ಬಿತ್ತೋ ಅವರಿಗೆ ಕೋವಿ ಪಾಲು. ಅವತ್ತು ಒಬ್ಬ ಮನುಷ್ಯನನ್ನು ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದ ಮೇಲೂ ಮಾಂಸ ಪಾಲಾಗಿತ್ತು. ಕೊಳೆಯಲು ಬಿಡುತ್ತಾರೆಯೇ? "ಹಂದಿ ನಂದು" ಎಂದು ಸಾಹುಕಾರರು ಕೋವಿ ಪಾಲು ತೆಗೆದುಕೊಂಡರು. ಹಂದಿ ಅವರದಾದ ಮೇಲೆ ಹೆಣ ರುದ್ರನದಾಯಿತು. ಯಾವ ಸಾಕ್ಷಿಯೂ ಬೇಕಾಗಲಿಲ್ಲ. ಪೊಲೀಸರು ಬರುವ ಮೊದಲೇ, ಬಾಳೆಲೆಯ ಮೇಲೆ ಮಾಂಸದ ರಾಶಿ ಮಾಡುತ್ತಾ ಆ ಜನ ತೀರ್ಪು ಕೊಟ್ಟು ಮುಗಿಸಿದ್ದರು. ಕಿವಿಯ ಪಕ್ಕ ತನ್ನ ಕೋವಿಯ ಸದ್ದನ್ನಷ್ಟೇ ಕೇಳಿದ್ದ ರುದ್ರ ಅದನ್ನು ನಂಬಿದ.

ನಂಬದೆ ಇದ್ದವನು ಒಬ್ಬನೇ. ಗುಂಡು ಯಾವ ಕಡೆಯಿಂದ ಬಂತು ಎಂದು ಕಣ್ಣಾರೆ ಕಂಡವನು. ಅವನು ಹೇಳಿದ್ದು ನನಗೆ.

ರೆಕಾರ್ಡ್ ರೂಮಿಗೆ ಹೋಗಿ ಕೇಸ್‌ಶೀಟ್ ತೆಗೆದು ಓದಿದೆ. ಮಾರನೇ ದಿನ ಡಾಕ್ಟರ ಮುಂದೆ ಇಟ್ಟು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಸಿಸ್ಟರ್, ನೀವು ಬರೆದಿರೋದು ಏನು?"

"ಹಾಸ್ಪಿಟಲ್ ಬಿಲ್."

"ಅದನ್ನ ಈಗ ತಿದ್ದಿದ್ರೆ ಯಾರು ನಂಬ್ತಾರೆ? ಶಿಕಾರಿನೇ ಆಗ್ಲಿಲ್ಲ ಅಂತ ಪೇಪರ್ ಹೇಳುವಾಗ ಬಿಲ್ಲು ಎಲ್ಲಿಂದ ಬಂತು ಅಂತ ಕೇಳ್ತಾರೆ. ನಿಮ್ಮ ತಂದೆ ಅಲ್ಲೇ ಅಲ್ವಾ ಕೆಲಸದಲ್ಲಿರೋದು? ಕ್ವಾರ್ಟರ್ಸೂ ಅಲ್ಲೇ?"

ಇದು ಬೆದರಿಕೆಯಲ್ಲ. ಅವರು ನಿಜವಾಗಿ ಕಾಳಜಿಯಿಂದಲೇ ಕೇಳಿದ್ದು. ಯಾರೂ ನನ್ನನ್ನು ಹೆದರಿಸಲಿಲ್ಲ, ನೋಡಿ. ಸಾಹುಕಾರರು ಆ ವಿಷಯವನ್ನೇ ಎತ್ತಲಿಲ್ಲ. ಅವರಿಗೂ ನಿಜ ಗೊತ್ತಿರಲಿಲ್ಲವೇನೋ ಎಂದು ನಂಬಲು ನಾನು ಎಷ್ಟೋ ವರ್ಷ ಒದ್ದಾಡಿದ್ದೇನೆ. ಹೆದರಿಸಿದ್ದರೆ ಇವತ್ತು ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು.

ಚಂದ್ರಯ್ಯ ಸತ್ತಾಗ ಅವನ ಹೆಂಡತಿ ಗಿರಿಜಾ ಮೂರು ತಿಂಗಳ ಬಸುರಿ. ಹೆರಿಗೆಗೆ ನಮ್ಮಲ್ಲಿಗೇ ಬಂದಳು. ಹೆಣ್ಣು ಮಗು ಹುಟ್ಟಿತು, ಆದರೆ ರಕ್ತ ನಿಲ್ಲಲಿಲ್ಲ. ಆಗೆಲ್ಲ ಬ್ಲಡ್ ಬ್ಯಾಂಕ್ ನಮ್ಮ ಕನಸಿನಲ್ಲೂ ಇಲ್ಲ. ಹೊಂದುವ ಮನುಷ್ಯನನ್ನು ಹುಡುಕಿ, ಪಕ್ಕದಲ್ಲಿ ಮಲಗಿಸಿ, ಬಾಟಲಿಗೆ ಹಿಡಿದು ಕೊಡುತ್ತಿದ್ದೆವು. ಜಾಮೀನಿನ ಮೇಲಿದ್ದ ರುದ್ರ ಬೆಳಗಿನಿಂದ ಗೇಟಿನ ಹೊರಗೆ ನಿಂತಿದ್ದ. ಒಳಗೆ ಬರುವ ಧೈರ್ಯ ಅವನಿಗಿರಲಿಲ್ಲ. ಪರೀಕ್ಷೆ ಮಾಡಿದರೆ ಅವನದೇ ಹೊಂದಿತು. ಅಂಗಿಯ ತೋಳು ಮಡಚಿಕೊಂಡು ಬಂದ.

ಗಿರಿಜಾ ಬೆಳ್ಳಗೆ ಬಿಳಿಚಿಕೊಂಡು ಮಲಗಿದ್ದಳು. ಅವನನ್ನು ಕಂಡದ್ದೇ ತಲೆ ಎತ್ತಿದಳು.

"ಅವನ್ನ ಹೊರಗೆ ಕಳಿಸಿ ನರ್ಸಮ್ಮ."

"ಗಿರಿಜಾ, ರಕ್ತ ಬೇಕು ಕಣೆ ನಿಂಗೆ."

"ಅವನ ರಕ್ತ ಬೇಡ. ಅದು ಮೈಯೊಳಗೆ ಹೋದ್ರೆ ನಾನು ಈ ಮಗೀಗೆ ಹಾಲು ಹೆಂಗೆ ಕುಡಿಸ್ಲಿ?"

ರುದ್ರ ನನ್ನನ್ನು ನೋಡಿದ, ಏನಾದರೂ ಹೇಳುತ್ತೇನೆಂದು. ನನಗೆ ಗೊತ್ತಿತ್ತು. ಖಾಲಿ ಬಾಟಲಿ ಹಿಡಿದು ಆ ಇಬ್ಬರ ನಡುವೆ ನಿಂತಿದ್ದ ನನಗೆ ಗೊತ್ತಿತ್ತು. ಒಂದೇ ವಾಕ್ಯ ಸಾಕಾಗಿತ್ತು. "ರುದ್ರ, ಸ್ವಲ್ಪ ಹೊರಗಿರಪ್ಪ" ಎಂದೆ. ಕೊನೆಗೆ ಜೀಪಿನ ಡ್ರೈವರಿನ ರಕ್ತವೂ ಹೊಂದಿ, ಅವಳಿಗೆ ಅವನು ಕೊಟ್ಟ. ಅವಳು ಉಳಿದಳು. ಮಗುವಿಗೆ ಚಂದ್ರಿಕಾ ಎಂದು ಹೆಸರಿಟ್ಟರು.

ವರ್ಷದ ಮೇಲೆ ಕೋರ್ಟಿನಿಂದ ನನಗೆ ಸಮನ್ಸ್ ಬಂತು. ನನ್ನ ಅತ್ಯುತ್ತಮ ಸೀರೆ ಉಟ್ಟು ಹೋದೆ. ಸತ್ಯ ಹೇಳುತ್ತೇನೆಂದು ಪ್ರಮಾಣ ಮಾಡಿದೆ. ವಕೀಲರು ಕೇಸ್‌ಶೀಟ್ ಓದಿಸಿ ಕೇಳಿದರು: "ಸಾಯುವ ಮೊದಲು ಮೃತನು ಬಿಲ್ಲಿನ ವಿಷಯ ಹೇಳಿದ ಅಂತ ಬರೆದಿದ್ದೀರಿ. ಆಸ್ಪತ್ರೆಯ ಬಿಲ್ಲು ತಾನೇ?"

ಹಿಂದಿನ ಬೆಂಚಿನಲ್ಲಿ ಲೈನಿನ ಏಳೆಂಟು ಮಂದಿ ಕೂತಿದ್ದರು. ಬಿಲ್ಲು ಅಂದರೆ ಏನೆಂದು ಅವರಲ್ಲಿ ಪ್ರತಿಯೊಬ್ಬನಿಗೂ ಗೊತ್ತು. ಅವರೆಲ್ಲ ನೆಲ ನೋಡುತ್ತಿದ್ದರು. ಕಟಕಟೆಯಲ್ಲಿ ನಿಂತ ರುದ್ರನೊಬ್ಬ ತಲೆ ಎತ್ತಿದ. ಶಿಕಾರಿಯವನಲ್ಲವೇ, ಆ ಪದ ಅವನ ಕಿವಿಗೆ ಸರಿಯಾಗಿಯೇ ಬಿದ್ದಿತ್ತು.

"ಹೌದು" ಎಂದೆ.

ಅವನ ತಲೆ ಮತ್ತೆ ಬಾಗಿತು. ನಾನು ಮೊದಲು ಮಾಡಿದ್ದು ಬ್ಲಂಡರ್. ಭಾಷೆ ಗೊತ್ತಿಲ್ಲದೆ ಆದದ್ದು. ಅದಕ್ಕೆ ಕ್ಷಮೆ ಇದ್ದೀತು. ಈ "ಹೌದು" ಬ್ಲಂಡರ್ ಅಲ್ಲ. ರುದ್ರನಿಗೆ ಎರಡು ವರ್ಷ ಜೈಲಾಯಿತು.

ಒಂದು ಗುಂಡು ಒಂದು ಮನೆಯನ್ನು ಏನು ಮಾಡುತ್ತದೆ ಎಂದು ನೀವು ಪುಸ್ತಕದಲ್ಲಿ ಓದುತ್ತೀರಿ, ಟ್ರಾಮಾ ಅನ್ನುತ್ತೀರಿ. ನಾನು ಕಂಡದ್ದು ಇಷ್ಟು. ಜೈಲಿನಿಂದ ಬಂದ ಮಗನಿಗೆ ತಾಯಿ ಹೊರಗಿನ ಮೆಟ್ಟಿಲ ಮೇಲೆ ತಟ್ಟೆ ಇಟ್ಟಳು. ಅತ್ತಿಗೆ ಆ ತಟ್ಟೆಯನ್ನು ಒಳಗೆ ತರಲು ಬಿಡಲಿಲ್ಲ. ಚಂದ್ರಿಕಾ "ಚಿಕ್ಕಪ್ಪ" ಎಂದದ್ದಕ್ಕೆ ಏಟು ತಿಂದಳು. ಒಂದು ದಿನ ರುದ್ರ ಹೇಳದೆ ಊರು ಬಿಟ್ಟ. ತಾಯಿಯ ಮಣ್ಣಿಗೂ ಬರಲಿಲ್ಲ, ಯಾರೂ ಹೇಳಿ ಕಳಿಸಿರಲಿಲ್ಲ. ಲೈನಿನವರೂ ಮೊದಲಿನಂತೆ ಉಳಿಯಲಿಲ್ಲ. ಎರಡು ಸದ್ದು ಕೇಳಿದವರು ಒಬ್ಬರ ಮುಖ ಒಬ್ಬರು ನೋಡಲಾರದೆ ಒಂದೊಂದೇ ಮನೆ ಬೇರೆ ಎಸ್ಟೇಟಿಗೆ ಹೋಯಿತು. ಸಾಹುಕಾರರು ಎಂಬತ್ತರ ಮೇಲೆ, ಸಕ್ಕರೆ ಕಾಯಿಲೆಯಲ್ಲಿ, ಹಾಸಿಗೆಯಲ್ಲೇ ತೀರಿಕೊಂಡರು. ಅವರ ಕಾಲಿನ ಹುಣ್ಣಿಗೆ ಎಂಟು ತಿಂಗಳು ಡ್ರೆಸ್ಸಿಂಗ್ ಮಾಡಿದವಳು ನಾನೇ. "ನಿಮ್ಮ ಕೈ ತುಂಬಾ ಹಗುರ ಸಿಸ್ಟರ್" ಎನ್ನುತ್ತಿದ್ದರು.

ಈಗ ವಾರ್ಡಿನಲ್ಲಿ ಟ್ಯಾಬ್ ಹಿಡಿದು ಓಡಾಡುತ್ತೀರಿ. ಪೇಷಂಟ್ ಆಂಗ್ಷಿಯಸ್ ಎಂದು ಟಿಕ್ ಒತ್ತಿದರೆ ಮುಗಿಯಿತು. ಇಷ್ಟು ಮಾತ್ರ ನನ್ನಿಂದ ಕಲಿಯಿರಿ: ರೋಗಿ ಹೇಳಿದ್ದನ್ನು ಅವನ ಬಾಯಿಯ ಮಾತಿನಲ್ಲೇ ಬರೆಯಿರಿ, ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎಂದು ಬರೆಯಿರಿ. ಅರ್ಥ ಮಾಡಿಕೊಂಡವರಂತೆ ನಟಿಸಬೇಡಿ.

ರಿಟೈರ್ ಆಗಿ ಎಷ್ಟೋ ವರ್ಷದ ಮೇಲೆ, ಹೋದ ವರ್ಷ, ರುದ್ರ ಕಳಸದ ಒಂದು ಹೋಟೆಲಿನಲ್ಲಿ ಅಡುಗೆ ಕೆಲಸಕ್ಕಿದ್ದಾನೆ ಎಂದು ಯಾರೋ ಹೇಳಿದರು. ಅಪ್ಪ ಇಲ್ಲ, ಕ್ವಾರ್ಟರ್ಸ್ ಇಲ್ಲ, ಡಾಕ್ಟರಿಲ್ಲ. ಬಾಯಿ ಮುಚ್ಚಿಕೊಳ್ಳಲು ಕಾರಣಗಳೇ ಉಳಿದಿರಲಿಲ್ಲ. ಧೈರ್ಯ ಬಂದು ಹೋದೆ ಎಂದುಕೊಳ್ಳಬೇಡಿ.

ಬೆಳಗಿನ ಬಸ್ಸಿಗೆ ಹೋದೆ. ಹೋಟೆಲಿನ ಹಿತ್ತಲಲ್ಲಿ ತೆಂಗಿನಕಾಯಿ ತುರಿಯುತ್ತಾ ಕೂತಿದ್ದ. ತಲೆಯೆಲ್ಲ ನರೆತು ಹೋಗಿತ್ತು. ಗುರುತು ಹಿಡಿದು ಎದ್ದು ನಿಂತ.

"ನರ್ಸಮ್ಮ? ಹೊರನಾಡಿಗೆ ಬಂದ್ರಾ?"

"ಇಲ್ಲ ರುದ್ರ. ನಿನ್ನ ನೋಡಕ್ಕೇ ಬಂದೆ."

ಹೇಳಿದೆ. ಒಂದನ್ನೂ ಬಿಡದೆ. ಅವನು ಮತ್ತೆ ಕೂತ. ತುರಿಮಣೆಯ ಹಲ್ಲಿನ ಮೇಲೆ ಕೈಯಿಟ್ಟುಕೊಂಡೇ ಇದ್ದ. ಮುಗಿದ ಮೇಲೆ ಕೇಳಿದ:

"ಹೇಳಿ ಅವ್ನಿಗೆ ಅಂದ್ನಾ ಅಣ್ಣ?"

"ಹೌದು."

"ಅವ್ನಿಗೆ ಅಂದ್ರೆ ನಂಗೆ."

"ಹೌದು ರುದ್ರ."

ಒಳಗಿನಿಂದ ಯಾರೋ ಚಟ್ನಿಗೆ ಕೂಗಿದರು. ಅವನು ತುರಿದದ್ದನ್ನು ಒಳಗೆ ಕೊಟ್ಟು, ಕೈ ತೊಳೆದು, ಹೋಟೆಲಿನ ಆರ್ಡರ್ ಪುಸ್ತಕ ಮತ್ತು ಪೆನ್ನು ತಂದ.

"ಬರ್ದ್ಕೊಡಿ."

ಅಭ್ಯಾಸಬಲದಿಂದ ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ. ಅವನು ಬಗ್ಗಿ ನೋಡಿದ.

"ಇದು ಬ್ಯಾಡ. ಕನ್ನಡದಲ್ಲಿ ಬರೀರಿ. ಅತ್ತಿಗೆಗೆ ಓದಕ್ಕೆ ಬರ್ತದೆ."

ಆ ಹಾಳೆ ಹರಿದು ಮತ್ತೆ ಬರೆದೆ. ಮೃತ ಚಂದ್ರಯ್ಯನವರು ಎಂದು ಬರೆದರೆ, "ನಿನ್ನ ಗಂಡ ಅಂತ ಬರೀರಿ" ಎಂದ. ಮಾತು ತಪ್ಪಾಗಿ ಅರ್ಥ ಮಾಡಿಕೊಂಡೆ ಎಂದು ಬರೆದು ಸಹಿ ಹಾಕಲು ಹೊರಟೆ.

"ಯಾವಾಗ ಗೊತ್ತಾಯ್ತು ನಿಮ್ಗೆ? ಅದನ್ನೂ ಬರೀರಿ."

ನನ್ನ ಕೈ ನಿಂತಿತು. ಅವನು ಕಾದ. ಮುಂದೆ ಗಿರಾಕಿಗಳು ಬಂದರು, ಹೋದರು; ಅವನು ಕಾದ. ಚಂದ್ರಿಕಾ ಹುಟ್ಟುವ ಮೊದಲೇ ಗೊತ್ತಿತ್ತು, ಕೋರ್ಟಿನಲ್ಲೂ ಗೊತ್ತಿತ್ತು ಎಂದು ಬರೆದು ಸಹಿ ಮಾಡಿದೆ. ಅವನು ಅಕ್ಷರ ಅಕ್ಷರವಾಗಿ ಓದಿ, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಬೈಯಲಿಲ್ಲ. ಕ್ಷಮಿಸುತ್ತೇನೆ ಎಂದೂ ಹೇಳಲಿಲ್ಲ. "ಕಾಫಿ ಕುಡೀರಿ, ಬಸ್ಸಿಗೆ ಇನ್ನೂ ಹೊತ್ತಿದೆ" ಎಂದ. ನಾನು ಕುಡಿಯಲಿಲ್ಲ.

ಇಷ್ಟು ವರ್ಷವೂ ಗಿರಿಜಾ ನನ್ನನ್ನು ಸ್ವಂತ ಅಕ್ಕನಂತೆ ಕಂಡಿದ್ದಳು. ತನ್ನ ಜೀವ ಉಳಿಸಿದವಳು ನಾನೆಂದು ಅವಳ ನಂಬಿಕೆ. ನಾನೂ ರಿಟೈರ್ ಆದ ಮೇಲೆ ಪ್ರತಿ ಶನಿವಾರ ಅವಳ ಲೈನ್ ಮನೆಗೆ ಹೋಗಿ ಬಿಪಿ ನೋಡಿ, ಊಟ ಮಾಡಿ ಬರುತ್ತಿದ್ದೆ. ನನಗೆ ಬೇರೆ ಮನೆಯೆಂದು ಇದ್ದದ್ದು ಅದೊಂದೇ. ಕಳಸದಿಂದ ಬಂದ ಮೇಲೆ ಎರಡು ಶನಿವಾರ ಹೋಗಲು ಧೈರ್ಯ ಸಾಲಲಿಲ್ಲ. ಆಮೇಲೆ ಚಂದ್ರಿಕಾ ಫೋನ್ ಮಾಡಿದಳು.

"ಚಿಕ್ಕಪ್ಪ ಬಂದಿದ್ರು ದೊಡ್ಡಮ್ಮ."

"ಒಳಗೆ ಕರೆದ್ಳಾ ನಿಮ್ಮಮ್ಮ?"

"ಕಾಗದ ಓದಿದ್ರು. ಆಮೇಲೆ ಅಮ್ಮ ಒಳಗೆ ಕರ್ದು ಊಟಕ್ಕೆ ಹಾಕಿದ್ರು. ಇಲ್ಲೇ ಇದ್ದಾರೆ."

ನನಗೆ ಅಳು ಬಂತು. ಅದು ನಿಂತ ಮೇಲೆ ಅವಳೇ ಮುಂದುವರಿಸಿದಳು.

"ದೊಡ್ಡಮ್ಮ, ಅಮ್ಮ ನಿಮಗೊಂದು ಮಾತು ಹೇಳು ಅಂದ್ರು. ನಾನೇ ಹೇಳ್ಬೇಕಂತೆ."

"ಹೇಳಮ್ಮ."

"ಇನ್ನು ನಮ್ಮನೆ ಮೆಟ್ಟಿಲು ಹತ್ತಬೇಡಿ ಅಂದ್ರು."

ಆಯ್ತು ಎಂದೆ. ಈ ಸಲ ಮಾತು ಸರಿಯಾಗಿಯೇ ಅರ್ಥವಾಯಿತು.